ಹಿಮದ ದಿನಗಳಲ್ಲಿ ಡಿಫ್ ಲಾಕ್: ಯಾವಾಗ ಹಾಕಬೇಕು, ಯಾವಾಗ ಬಿಡಬೇಕು

ಒಂದು ಆಕ್ಸಲ್‌ನ, ಅಂದರೆ ಅಚ್ಚಿನ, ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು ಜೋಡಣೆ ಡಿಫರೆನ್ಷಿಯಲ್, ಬಾಯಿಮಾತಿನಲ್ಲಿ ಡಿಫ್. ಆ ಎರಡು ಚಕ್ರಗಳನ್ನು ಒಂದಕ್ಕೊಂದು ಬೆಸೆಯುವುದು ಡಿಫ್ ಲಾಕ್, ಬೆಸೆಯುವ ಸಾಧನ ಲಾಕರ್. ಡಿಫ್ ಲಾಕ್ ಅಂದ ತಕ್ಷಣ ಮಾತು ಹೋಗುವುದು ಬಂಡೆ, ಕೆಸರು, ಹಳ್ಳದ ಕಡೆಗೆ. ನನ್ನ ಗಾಡಿಯೂ ಅಲ್ಲಿಗೆಲ್ಲ ಹೋಗುತ್ತದೆ, ರಜೆ ಸಿಕ್ಕಾಗ. ಉಳಿದ ದಿನವೆಲ್ಲ ಅದು ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗಿ ವಾಪಸ್ ತರುವ ಗಾಡಿ. ಚಳಿಗಾಲದಲ್ಲಿ ಆ ದಾರಿಯಲ್ಲಿ ಎಲ್ಲವೂ ಸಿಗುತ್ತದೆ: ಉಪ್ಪು ಚೆಲ್ಲಿ ಒದ್ದೆಯಾದ ಡಾಂಬರು, ಚಕ್ರಗಳು ತುಳಿದು ತುಳಿದು ಗಟ್ಟಿಯಾದ ಹಿಮ, ನೆರಳಿನ ತಿರುವಿನಲ್ಲಿ ಕಣ್ಣಿಗೆ ಕಾಣದ ಗಾಜಿನಂಥ ಮಂಜುಗಡ್ಡೆ, ಕೊನೆಗೆ ಯಾರೂ ಹಿಮ ತೆಗೆಯದ ಒಂದು ಏರು. ಒಂದೇ ಓಡಾಟದಲ್ಲಿ ಇಷ್ಟೂ ಬಂದು ಹೋಗುವುದರಿಂದ, ಲಾಕರ್ ಇರುವ ಗಾಡಿಯನ್ನು ಚಳಿಗಾಲದಲ್ಲಿ ದಿನಾ ಓಡಿಸುವವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಲಾಕರ್ ಎಷ್ಟು ಗಟ್ಟಿ ಅನ್ನುವುದಲ್ಲ, ಬೇಡವಾದಾಗ ಅದು ಪೂರ್ತಿ ಪಕ್ಕಕ್ಕೆ ಸರಿಯುತ್ತದೆಯೇ ಅನ್ನುವುದು.

ನನ್ನ ಗಾಡಿ ಹೇಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ವೀಲ್‌ಬೇಸ್ ಚಿಕ್ಕದು, ಗೇರು ಕೈಯಲ್ಲಿ ಹಾಕುವುದು, ಹಿಂದೆಯೂ ಮುಂದೆಯೂ ಸಾಲಿಡ್ ಆಕ್ಸಲ್, ಆ ಎರಡರ ನಡುವೆ ಡಿಫ್ ಇಲ್ಲದ, ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಪಾರ್ಟ್-ಟೈಮ್ ಫೋರ್-ವೀಲ್ ಡ್ರೈವ್. ಹಿಂದಿನ ಆಕ್ಸಲ್‌ನಲ್ಲಿ ಗಾಳಿಯ ಒತ್ತಡದಿಂದ ನಡೆಯುವ, ಬಟನ್ ಒತ್ತಿದರೆ ಮಾತ್ರ ಕೂಡಿಕೊಳ್ಳುವ ಲಾಕರ್. ಮುಂದಿನದು ಓಪನ್ ಡಿಫ್, ಅಂದರೆ ಲಾಕ್ ಇಲ್ಲದ ಸಾದಾ ಡಿಫ್. ಇದಕ್ಕೆ ಮುಂಚೆ ಇದ್ದ ಗಾಡಿಯ ಹಿಂದಿನ ಆಕ್ಸಲ್‌ನಲ್ಲಿ ಬಟನ್ ಇಲ್ಲದೆ ತಾನಾಗಿಯೇ ಕೆಲಸ ಮಾಡುವ ಆಟೊಮ್ಯಾಟಿಕ್ ಲಾಕರ್ ಇತ್ತು. ಎರಡನ್ನೂ ಹಿಮದಲ್ಲಿ ಓಡಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಓಪನ್ ಡಿಫ್ ಮಾಡುವ ಕೆಲಸ ಸರಳ. ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬಹುದು, ಆದರೆ ಎರಡಕ್ಕೂ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚೂ ಕಡಿಮೆ ಒಂದೇ. ತೊಂದರೆ ಹುಟ್ಟುವುದೂ ಅಲ್ಲೇ. ಎಡ ಚಕ್ರ ಮಂಜುಗಡ್ಡೆಯ ಮೇಲಿದೆ, 150 ನ್ಯೂಟನ್ ಮೀಟರ್ ಟಾರ್ಕ್‌ಗೇ ಜಾರಿ ಸುತ್ತತೊಡಗುತ್ತದೆ ಅಂದುಕೊಳ್ಳಿ. ಬಲ ಚಕ್ರ ಒಣ ಜಲ್ಲಿಯ ಮೇಲೆ ಭದ್ರವಾಗಿ ಕೂತಿದ್ದರೂ ಅದಕ್ಕೂ ಸಿಗುವುದು ಅದೇ 150. ಒಟ್ಟು 300ರಲ್ಲಿ ಗಾಡಿ ಏರು ಹತ್ತಬೇಕು. ಹತ್ತುವುದಿಲ್ಲ. ಲಾಕ್ ಮಾಡಿದಾಗ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತಲೇಬೇಕು. ಆಗ ಟಾರ್ಕ್ ಹಿಡಿತ ಇರುವ ಕಡೆಗೆ ಹರಿಯುತ್ತದೆ, ಬೇಕಾದರೆ ಅಷ್ಟೂ ಒಂದೇ ಚಕ್ರಕ್ಕೆ. ಆ ಚಕ್ರದ ಆಕ್ಸಲ್ ಶಾಫ್ಟ್ ಅಷ್ಟು ಭಾರವನ್ನು ಒಂದೇ ಕಡೆ ತಾಳಬೇಕು ಅನ್ನುವುದನ್ನೂ ನೆನಪಿನಲ್ಲಿ ಇಡಿ.

ಇಲ್ಲಿಯವರೆಗೆ ಎಲ್ಲ ಪುಸ್ತಕಗಳೂ ಹೇಳುತ್ತವೆ. ಚಳಿಗಾಲದ ವಿಷಯ ಶುರುವಾಗುವುದು ಇದರ ಇನ್ನೊಂದು ಮುಖದಿಂದ.

ಟೈರಿಗೆ ಇರುವ ಹಿಡಿತ ಒಂದೇ ಗಂಟು. ಮುಂದಕ್ಕೆ ತಳ್ಳಲು, ಬ್ರೇಕ್ ಹಾಕಲು, ಪಕ್ಕಕ್ಕೆ ಜಾರದಂತೆ ತಡೆಯಲು, ಎಲ್ಲಕ್ಕೂ ಅದರಿಂದಲೇ ತೆಗೆಯಬೇಕು. ಒಣ ಡಾಂಬರಿನಲ್ಲಿ ಘರ್ಷಣೆಯ ಗುಣಾಂಕ ಸುಮಾರು 0.7ರಿಂದ 0.8 ಇರುತ್ತದೆ, ಗಟ್ಟಿಯಾದ ಹಿಮದಲ್ಲಿ 0.2ರಿಂದ 0.3, ಮಂಜುಗಡ್ಡೆಯಲ್ಲಿ 0.1ರ ಆಸುಪಾಸು, ಕರಗುತ್ತಿರುವಾಗ ಅದಕ್ಕಿಂತಲೂ ಕಡಿಮೆ. ಗಂಟು ಅಷ್ಟು ಚಿಕ್ಕದಾದಾಗ, ಸುತ್ತುತ್ತಿರುವ ಚಕ್ರ ಇದ್ದಬದ್ದ ಹಿಡಿತವನ್ನೆಲ್ಲ ಸುತ್ತುವುದಕ್ಕೇ ಖರ್ಚು ಮಾಡುತ್ತದೆ. ಪಕ್ಕಕ್ಕೆ ಜಾರುವುದನ್ನು ತಡೆಯಲು ಏನೂ ಉಳಿಯುವುದಿಲ್ಲ.

ಓಪನ್ ಡಿಫ್‌ನಲ್ಲಿ ಒಂದು ಚಕ್ರ ಜಾರಿ ಸುತ್ತುವಾಗ ಇನ್ನೊಂದು ಸುಮ್ಮನೆ ನಿಧಾನವಾಗಿ ಉರುಳುತ್ತಿರುತ್ತದೆ, ಅಥವಾ ನಿಂತೇ ಇರುತ್ತದೆ. ಗಾಡಿ ಮುಂದೆ ಹೋಗದಿದ್ದರೂ ಆ ಸುಮ್ಮನಿರುವ ಚಕ್ರ ಒಂದು ದೊಡ್ಡ ಉಪಕಾರ ಮಾಡುತ್ತಿರುತ್ತದೆ. ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ಜಾರದಂತೆ ಹಿಡಿದು ನಿಲ್ಲಿಸುತ್ತದೆ. ಲಾಕ್ ಹಾಕಿದ ಗಳಿಗೆಯಲ್ಲಿ ಆ ಕಾವಲು ಹೋಯಿತು. ಜಾರಿದರೆ ಎರಡೂ ಒಟ್ಟಿಗೇ ಜಾರುತ್ತವೆ, ಹಿಂಭಾಗ ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೆ ಹೊರಡುತ್ತದೆ.

ಇಳಿಜಾರು ಅಂದರೆ ಬೆಟ್ಟವೇ ಬೇಕಿಲ್ಲ. ಹೆಚ್ಚಿನ ರಸ್ತೆಗಳಿಗೆ ನೀರು ಹರಿದುಹೋಗಲೆಂದು ನಡುವಿನಿಂದ ಅಂಚಿಗೆ ಶೇಕಡಾ 2ರಿಂದ 3ರಷ್ಟು ಓರೆ ಕೊಟ್ಟಿರುತ್ತಾರೆ. ಒಣ ದಿನದಲ್ಲಿ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಾನು ದಿನಾ ಹತ್ತುವ ಏರಿನಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಚರಂಡಿ, ರಸ್ತೆ ಚರಂಡಿಯ ಕಡೆಗೆ ವಾಲಿದೆ. ಬಿಸಿಲು ಬಂದ ಮಾರನೆಯ ದಿನ ಅಲ್ಲಿ ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ಹೊಳೆಯುತ್ತಿರುತ್ತದೆ. ಹಳೆಯ ಗಾಡಿಯಲ್ಲಿ ಆಟೊಮ್ಯಾಟಿಕ್ ಲಾಕರ್ ಇದ್ದಾಗ ಆ ಜಾಗದಲ್ಲಿ ಆಗುತ್ತಿದ್ದುದು ಇಷ್ಟು: ಎರಡನೇ ಗೇರಿನಲ್ಲಿ ಮೆಲ್ಲಗೆ ಹತ್ತುತ್ತಿರುತ್ತೇನೆ, ಸ್ಟೀರಿಂಗ್ ನೇರವಾಗಿದೆ, ಆಕ್ಸಿಲರೇಟರ್ ಮೇಲೆ ಕಾಲು ಒಂದು ಕೂದಲೆಳೆಯಷ್ಟು ಹೆಚ್ಚಾಗುತ್ತದೆ. ಎಂಜಿನ್ ಸದ್ದು ಸ್ವಲ್ಪ ಏರುತ್ತದೆ, ಸೀಟಿನ ಕೆಳಗೆ ಹಿಂಭಾಗ ಹಗುರವಾದಂತೆ ಅನ್ನಿಸುತ್ತದೆ, ಗಾಡಿಯ ಮೂಗು ಬೆಟ್ಟದ ಕಡೆಗೆ ತಿರುಗುತ್ತಿರುವಂತೆ ಕಾಣುತ್ತದೆ. ಮೂಗು ತಿರುಗಿರುವುದಿಲ್ಲ, ಬಾಲ ಚರಂಡಿಯ ಕಡೆಗೆ ಇಳಿಯುತ್ತಿರುತ್ತದೆ. ಆಗ ಬ್ರೇಕ್ ಮುಟ್ಟಬಾರದು. ಆಕ್ಸಿಲರೇಟರ್ ಅನ್ನು ಒಮ್ಮೆಲೇ ಬಿಡಲೂಬಾರದು. ಕ್ಲಚ್ ಒತ್ತಿ ಚಕ್ರಗಳನ್ನು ಉರುಳಲು ಬಿಟ್ಟರೆ ಪಕ್ಕದ ಹಿಡಿತ ವಾಪಸ್ ಬರುತ್ತದೆ, ಬಾಲ ನಿಲ್ಲುತ್ತದೆ. ಅದೇ ಏರನ್ನು ಅದೇ ಟೈರು ಹಾಕಿದ ಓಪನ್ ಡಿಫ್ ಗಾಡಿ ಫೋರ್-ಹೈನಲ್ಲಿ, ಅಂದರೆ ನಾಲ್ಕೂ ಚಕ್ರ ಎಳೆಯುವ ಸಾಮಾನ್ಯ ವೇಗದ ಗೇರಿನಲ್ಲಿ, ಒಂದೆರಡು ಸಲ ಚಕ್ರ ತಿರುಗಿಸಿ ಸದ್ದಿಲ್ಲದೆ ಹತ್ತಿಬಿಡುತ್ತದೆ. ಲಾಕರ್ ಕೊಳ್ಳಬೇಕೆಂದು ನನ್ನನ್ನು ಕೇಳುವ ಗೆಳೆಯರಿಗೆಲ್ಲ ನಾನು ಮೊದಲು ತೋರಿಸುವುದು ಈ ಏರನ್ನೇ.

ತಿರುವಿನ ಕಥೆ ಇನ್ನೊಂದು. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದೆ ಅಂದರೆ, ಗಾಡಿ ಒಂದು ಪೂರ್ತಿ ಸುತ್ತು ತಿರುಗುವಾಗ ಹೊರ ಚಕ್ರ ಒಳ ಚಕ್ರಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ದೂರ ಉರುಳಬೇಕು. ವೃತ್ತ ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ಲಾಕ್ ಆದ ಆಕ್ಸಲ್ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತಿನ ಹಾಗೆ: ತಿರುಗಬೇಕಾದರೆ ಒಳಗಿನದು ಹೆಜ್ಜೆ ತಡೆಯಬೇಕು, ಹೊರಗಿನದು ಬೀಸುಹೆಜ್ಜೆ ಹಾಕಬೇಕು, ಇಲ್ಲಿ ಎರಡಕ್ಕೂ ಒಂದೇ ಅಳತೆಯ ಹೆಜ್ಜೆ. ಹಾಗಾಗಿ ಯಾವುದೋ ಒಂದು ಟೈರು ನೆಲವನ್ನು ಉಜ್ಜಿಕೊಂಡು ಹೋಗಲೇಬೇಕು. ಕೆಸರಿನಲ್ಲಿ ಅದರಿಂದ ನಷ್ಟವಿಲ್ಲ. ಹಿಮದಲ್ಲಿ ಉಜ್ಜುವುದು ಅಂದರೆ ಜಾರುವುದು. ಕಾಲು ಹಗುರವಾಗಿದ್ದರೆ ಲಾಕ್ ಆದ ಹಿಂದಿನ ಆಕ್ಸಲ್ ಗಾಡಿಯನ್ನು ನೇರಕ್ಕೇ ತಳ್ಳುತ್ತದೆ. ಸ್ಟೀರಿಂಗ್ ತಿರುಗಿಸಿದ್ದೀರಿ, ಮುಂದಿನ ಚಕ್ರ ತಿರುಗಿದೆ, ಗಾಡಿ ಮಾತ್ರ ತಿರುವಿನ ಹೊರ ಅಂಚಿಗೆ ಹೋಗುತ್ತಿದೆ. ಅದನ್ನು ಸರಿಮಾಡಲು ಆಕ್ಸಿಲರೇಟರ್ ಒತ್ತಿದರೆ ಎರಡೂ ಹಿಂದಿನ ಚಕ್ರಗಳು ಹಿಡಿತ ಬಿಟ್ಟು ಬಾಲ ಹೊರಗೆ ಬೀಸುತ್ತದೆ. ಈ ಎರಡರ ನಡುವೆ ಇರುವ ಜಾಗ ಒಣ ರಸ್ತೆಯಲ್ಲಿ ಬೇಕಾದಷ್ಟು ಅಗಲ, ಮಂಜುಗಡ್ಡೆಯ ಮೇಲೆ ಬಹಳ ಕಿರಿದು.

ಆಟೊಮ್ಯಾಟಿಕ್ ಲಾಕರ್‌ಗಳು ಈ ವಿಷಯದಲ್ಲಿ ಅರ್ಧ ದಾರಿ ಬರುತ್ತವೆ. ಡೆಟ್ರಾಯಿಟ್ ಲಾಕರ್ ಇರಲಿ, ಇದ್ದ ಡಿಫ್ ಕೇಸಿನೊಳಗೇ ಕೂರಿಸುವ ಲಂಚ್‌ಬಾಕ್ಸ್ ಬಗೆಯದಿರಲಿ, ಅವು ಸದಾ ಕೂಡಿಕೊಂಡೇ ಇರುತ್ತವೆ. ತಿರುವಿನಲ್ಲಿ ಹೊರ ಚಕ್ರ ಜೋರಾಗಿ ಓಡಬೇಕಾದಾಗ ಹಲ್ಲುಗಳು ಬಿಟ್ಟುಕೊಟ್ಟು ಟಿಕ್ ಟಿಕ್ ಅನ್ನುತ್ತ ಜಾರುತ್ತವೆ, ಎಳೆಯುವ ಕೆಲಸ ಒಳ ಚಕ್ರದ ಮೇಲೆ ಬೀಳುತ್ತದೆ. ಆ ಬಿಟ್ಟುಕೊಡುವಿಕೆಗೆ ಹೊರ ಚಕ್ರಕ್ಕೆ ನೆಲದಲ್ಲಿ ಹಿಡಿತ ಬೇಕು, ಏಕೆಂದರೆ ಹಲ್ಲುಗಳನ್ನು ಬೇರೆ ಮಾಡುವುದು ನೆಲವೇ. ಮಂಜುಗಡ್ಡೆಯ ಮೇಲೆ ನೆಲಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಹಲ್ಲು ಬಿಡುವುದಕ್ಕಿಂತ ಮೊದಲೇ ಟೈರು ಜಾರುತ್ತದೆ. ಅಂದರೆ ಡಾಂಬರಿನ ಮೇಲೆ ಸಭ್ಯವಾಗಿ ತಿರುಗುವ ಲಾಕರ್ ಹಿಮದಲ್ಲಿ ಪೂರ್ತಿ ಬೆಸೆದ ಆಕ್ಸಲ್‌ನಂತೆ ನಡೆದುಕೊಳ್ಳುತ್ತದೆ. ಆಟೊಮ್ಯಾಟಿಕ್ ಲಾಕರ್ ಬಗ್ಗೆ ನನ್ನ ತಕರಾರು ಇದೊಂದೇ, ಆದರೆ ಬಹಳ ದೊಡ್ಡದು. ಕಲ್ಲಿನ ದಾರಿಗೆ ಅದರಷ್ಟು ನೆಚ್ಚಬಹುದಾದ, ಗಾಳಿ ಕರೆಂಟು ಯಾವುದೂ ಬೇಡದ ವಸ್ತು ಇನ್ನೊಂದಿಲ್ಲ ಅನ್ನುವುದನ್ನೂ ಅಷ್ಟೇ ಮನಃಪೂರ್ವಕವಾಗಿ ಹೇಳುತ್ತೇನೆ.

ಚಿಕ್ಕ ವೀಲ್‌ಬೇಸ್, ಕೈ ಗೇರು, ಆಟೊಮ್ಯಾಟಿಕ್ ಲಾಕರ್, ಈ ಮೂರೂ ಸೇರಿದರೆ ಇನ್ನೊಂದು ಗುಣ ಕಾಣಿಸಿಕೊಳ್ಳುತ್ತದೆ. ತಿರುವಿನ ನಡುವೆ ಕಾಲು ತೆಗೆದಾಗ ಎಂಜಿನ್ ಭಾರ ಒಂದು ಚಕ್ರದಿಂದ ಇನ್ನೊಂದಕ್ಕೆ ಹೊರಳುತ್ತದೆ, ಗಾಡಿಯ ಬಾಲಕ್ಕೆ ಯಾರೋ ಬೆರಳಿನಿಂದ ತಿವಿದಂತೆ ಒಂದು ಸಣ್ಣ ಜಗ್ಗು. ಒಣ ರಸ್ತೆಯಲ್ಲಿ ಅಭ್ಯಾಸವಾಗಿಬಿಡುತ್ತದೆ. ಹಿಮದ ತಿರುವಿನಲ್ಲಿ ಗೇರು ಬದಲಿಸಿದರೆ ಆ ಜಗ್ಗೇ ಜಾರುವುದಕ್ಕೆ ನೆಪವಾಗುತ್ತದೆ. ಹಾಗಾಗಿ ಗೇರನ್ನು ತಿರುವಿಗೆ ಮುಂಚೆ ಬದಲಿಸಿ ಮುಗಿಸಬೇಕು, ತಿರುವಿನಲ್ಲಿ ಕಾಲು ಒಂದೇ ಸಮ ಇರಬೇಕು. ಇನ್ನೊಂದು ಮಾತು, ಟೈರಿನ ಗಾಳಿ. ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ ಒಂದು ಪಿಎಸ್‌ಐ ಒತ್ತಡ ಕಡಿಮೆಯಾಗುತ್ತದೆ. ಎಲ್ಲ ಟೈರಿನಲ್ಲೂ ಒಂದೇ ಸಮ ಇಳಿದರೆ ತುಂಬಿಸಿಕೊಂಡರೆ ಮುಗಿಯಿತು. ಒಂದರಲ್ಲಿ ಮೆಲ್ಲಗೆ ಗಾಳಿ ಸೋರುತ್ತಿದ್ದರೆ, ಹಿಂದಿನ ಎರಡು ಚಕ್ರಗಳ ಸುತ್ತಳತೆ ಬೇರೆಯಾಗಿ ಲಾಕರ್ ಗಾಡಿ ಒಂದು ಬದಿಗೆ ಎಳೆಯತೊಡಗುತ್ತದೆ. ಬೇರೆ ಗಾಡಿಯಲ್ಲಿ ತಿಂಗಳುಗಟ್ಟಲೆ ಗೊತ್ತಾಗದ ವ್ಯತ್ಯಾಸ ಅದರಲ್ಲಿ ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುತ್ತದೆ.

ಈಗಿನ ಗಾಡಿಯಲ್ಲಿ ಬಟನ್ ಇದೆ. ಅದನ್ನು ನಾನು ಹೆಚ್ಚು ಬಳಸುವ ಜಾಗವೊಂದಿದೆ. ರಾತ್ರಿ ಹಿಮ ಬಿದ್ದು, ನಸುಕಿನಲ್ಲಿ ಹಿಮ ತಳ್ಳುವ ವಾಹನ ದೊಡ್ಡ ರಸ್ತೆಯಲ್ಲಿ ಹಾದು ಹೋದರೆ ನಮ್ಮ ಚಿಕ್ಕ ದಾರಿಯ ಬಾಯಿಗೆ ಅಡ್ಡಲಾಗಿ ಒಂದು ದಿಣ್ಣೆ ಬಿಟ್ಟುಹೋಗುತ್ತದೆ. ಅದು ಹೂವಿನಂಥ ಹಿಮವಲ್ಲ. ಉಂಡೆ ಉಂಡೆಯಾಗಿ, ಉಪ್ಪು ನೀರು ಕುಡಿದು, ಗಂಟೆಯೊಳಗೆ ಕಲ್ಲಾಗುವ ಹಿಮ. ಅದನ್ನು ಓರೆಯಾಗಿ ದಾಟುವಾಗ ಒಂದು ಹಿಂದಿನ ಚಕ್ರ, ಅದರ ಎದುರು ಮೂಲೆಯ ಒಂದು ಮುಂದಿನ ಚಕ್ರ ಭಾರ ಕಳೆದುಕೊಳ್ಳುತ್ತವೆ. ಓಪನ್ ಡಿಫ್ ಇರುವ ಫೋರ್-ವೀಲ್ ಗಾಡಿ ನಿಲ್ಲುವುದು ಇಂಥ ಕಡೆಯೇ.

ಮಾಡುವುದು ಹೀಗೆ. ದಿಣ್ಣೆಗೆ ಇನ್ನೂ ಒಂದು ಗಾಡಿಯಷ್ಟು ದೂರ ಇರುವಾಗಲೇ ನಿಲ್ಲಿಸುತ್ತೇನೆ. ಎಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಫೋರ್-ಲೋಗೆ, ಅಂದರೆ ನಿಧಾನದ, ಹೆಚ್ಚು ಬಲದ ಗೇರಿಗೆ. ಸ್ಟೀರಿಂಗ್ ನೇರ. ಕಂಪ್ರೆಸರ್ ಬಟನ್ ಒತ್ತಿದರೆ ಬಾನೆಟ್ ಕೆಳಗೆ ಗುರ್ ಅನ್ನುತ್ತದೆ, ಟ್ಯಾಂಕು ತುಂಬಿದ ಮೇಲೆ ಸದ್ದು ನಿಲ್ಲುತ್ತದೆ. ಆಮೇಲೆ ಹಿಂದಿನ ಲಾಕರ್ ಬಟನ್. ಸೀಟಿನ ಹಿಂದಿನಿಂದ ಚುಸ್ ಅನ್ನುವ ಸಣ್ಣ ಸದ್ದು, ದೀಪ ಹೊತ್ತಿಕೊಳ್ಳುತ್ತದೆ. ಇಲ್ಲಿ ಅವಸರ ಮಾಡಬಾರದು: ನನ್ನ ಗಾಡಿಯಲ್ಲಿ ದೀಪ ಹೇಳುವುದು ಬಟನ್ ಒತ್ತಿದ್ದೀರಿ ಅಂತ ಮಾತ್ರ, ಒಳಗೆ ಹಲ್ಲಿಗೆ ಹಲ್ಲು ಕೂಡಿತು ಅಂತಲ್ಲ. ಕೂಡಲು ಎರಡು ಚಕ್ರಗಳ ನಡುವೆ ಚೂರು ಚಲನೆ ಬೇಕು. ಕ್ಲಚ್ ಬಿಟ್ಟು ಆಮೆಯ ವೇಗದಲ್ಲಿ ಉರುಳಿಸುತ್ತ ಸ್ಟೀರಿಂಗನ್ನು ಒಂದಿಷ್ಟು ಆಚೆ ಈಚೆ ಆಡಿಸಿದರೆ ಹಿಂದಿನಿಂದ ಒಂದು ಮಂದ ಟಕ್ ಕಾಲಿಗೆ ಸಿಗುತ್ತದೆ. ಆಗ ಕೂಡಿತು. ಕಾರ್ಖಾನೆಯಿಂದಲೇ ಎಲೆಕ್ಟ್ರಿಕ್ ಲಾಕರ್ ಬಂದ ಎಷ್ಟೋ ಗಾಡಿಗಳಲ್ಲಿ ಇದನ್ನು ದೀಪವೇ ತಿಳಿಸುತ್ತದೆ, ಕೂಡುವವರೆಗೆ ಮಿಣುಕುತ್ತದೆ, ಕೂಡಿದ ಮೇಲೆ ಸ್ಥಿರವಾಗುತ್ತದೆ.

ದಿಣ್ಣೆಯನ್ನು ಒಂದೇ ಸಮ ಕಾಲಿನಲ್ಲಿ, ಆದಷ್ಟು ನೇರವಾಗಿ ದಾಟುತ್ತೇನೆ. ನಾಲ್ಕೂ ಚಕ್ರ ಆಚೆ ಬಂದ ತಕ್ಷಣ, ದೊಡ್ಡ ರಸ್ತೆಗೆ ತಿರುಗುವ ಮೊದಲು, ಬಟನ್ ಆಫ್. ಆಫ್ ಮಾಡಿದ ಮಾತ್ರಕ್ಕೆ ಬಿಟ್ಟುಕೊಳ್ಳುತ್ತದೆ ಅನ್ನುವ ಭರವಸೆಯೂ ಇಲ್ಲ. ಶಾಫ್ಟ್‌ಗಳಲ್ಲಿ ತಿರುಚು ಉಳಿದಿದ್ದರೆ ಹಲ್ಲು ಒತ್ತಿಕೊಂಡೇ ಕೂತಿರುತ್ತದೆ. ಒಂದು ಗೇಣು ಹಿಂದಕ್ಕೆ ಉರುಳಿಸಿದರೆ ತಿರುಚು ಬಿಚ್ಚುತ್ತದೆ. ಬಿಟ್ಟಿತೋ ಇಲ್ಲವೋ ಅನ್ನುವುದು ಮೊದಲ ತಿರುವಿನಲ್ಲಿ ಸ್ಟೀರಿಂಗ್ ಹೇಳುತ್ತದೆ. ಭಾರವಾಗಿ ನೇರಕ್ಕೆ ಬರಲು ಹಾತೊರೆಯುತ್ತಿದ್ದರೆ ಇನ್ನೂ ಬಿಟ್ಟಿಲ್ಲ. ಇದಿಷ್ಟೂ ಓದುವಾಗ ಉದ್ದ ಅನ್ನಿಸಬಹುದು, ಮಾಡುವಾಗ ಶೂ ಕಟ್ಟಿಕೊಳ್ಳುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಮಾಡಲೇಬಾರದ್ದು ಒಂದು: ಒಂದು ಚಕ್ರ ಗಾಳಿಯಲ್ಲಿ ಭರ್ ಅಂತ ಸುತ್ತುತ್ತಿರುವಾಗ ಲಾಕ್ ಬಟನ್ ಒತ್ತುವುದು. ನಿಂತಿರುವ ಹಲ್ಲಿಗೆ ಸುತ್ತುವ ಹಲ್ಲು ಬಡಿದರೆ ಒಡೆಯುವುದು ಲಾಕರ್ ಅಥವಾ ಆಕ್ಸಲ್ ಶಾಫ್ಟ್. ಸಿಕ್ಕಿಬಿದ್ದ ಮೇಲೆ ಲಾಕ್ ನೆನಪಾದರೂ ಮೊದಲು ಕಾಲು ತೆಗೆದು ಚಕ್ರ ನಿಲ್ಲಿಸಿ, ಆಮೇಲೆ ಬಟನ್.

ಕಾರ್ಖಾನೆಯವರು ಈ ಅಪಾಯವನ್ನೆಲ್ಲ ಬಲ್ಲರು. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಲಾಕ್ ಫೋರ್-ಲೋನಲ್ಲಿ ಮಾತ್ರ ಕೂಡುತ್ತದೆ, ವೇಗ ಹೆಚ್ಚಿದರೆ ತಾನಾಗಿ ಬಿಡುತ್ತದೆ, ಕೂಡಿರುವಷ್ಟು ಹೊತ್ತು ಗಾಡಿ ದಿಕ್ಕು ತಪ್ಪದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್, ಕೆಲವದರಲ್ಲಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಸುಮ್ಮನಾಗುತ್ತದೆ. ಈ ಕೊನೆಯ ಮಾತನ್ನು ಹಿಮದಲ್ಲಿ ಓಡಿಸುವವರು ತಮ್ಮ ಗಾಡಿಯ ಕೈಪಿಡಿ ತೆಗೆದು ಓದಿ ಖಚಿತ ಮಾಡಿಕೊಳ್ಳಲೇಬೇಕು. ಮರ್ಸಿಡಿಸ್ ಜಿ-ಕ್ಲಾಸ್‌ನಲ್ಲಿ ಸಾಲಾಗಿ ಮೂರು ಬಟನ್‌ಗಳಿವೆ, ಹಾಕುವ ಕ್ರಮ ಮೊದಲು ನಡುವಿನದು, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು. ಆ ಕ್ರಮ ನನಗೆ ಬಹಳ ಇಷ್ಟ, ಏಕೆಂದರೆ ಸ್ಟೀರಿಂಗ್‌ನಿಂದ ಹೆಚ್ಚು ಕಸಿದುಕೊಳ್ಳುವುದನ್ನು ಅದು ಕೊನೆಗೆ ಇಟ್ಟಿದೆ. ಹಿಮದ ರಸ್ತೆಗೆ ಅದರಲ್ಲಿ ಮೊದಲ ಮೆಟ್ಟಿಲೇ ಹೆಚ್ಚಿನ ದಿನಗಳಲ್ಲಿ ಸಾಕು. ನನ್ನ ಗಾಡಿಯಲ್ಲಿ ನಡುವೆ ಡಿಫ್ ಇಲ್ಲದಿರುವುದರಿಂದ ಫೋರ್-ಹೈ ಹಾಕಿದಾಗಲೇ ಆ ಮೆಟ್ಟಿಲು ಹತ್ತಿದಂತೆ.

ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಬಂದಂಥ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಬೇರೆ ಬಗೆ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ತಾನೇ ಕೂಡುತ್ತದೆ, ಗಾಡಿಯ ವೇಗ ಸುಮಾರು 30 ಕಿಲೋಮೀಟರ್ ದಾಟಿದರೆ ಕೂಡುವುದೇ ಇಲ್ಲ. ದಿನದ ಓಡಾಟಕ್ಕೆ ಇದು ಸದಾ ಕೂಡಿರುವ ಲಾಕರ್‌ಗಿಂತ ಎಷ್ಟೋ ಮೇಲು, ರಸ್ತೆಯ ವೇಗದಲ್ಲಿ ಅದು ಓಪನ್ ಡಿಫ್. ಆದರೆ ನಿಧಾನವಾಗಿ ಜಾರು ತಿರುವು ಹತ್ತುವಾಗ ಚಕ್ರ ಸುತ್ತಿದರೆ ಅದು ಕೇಳದೆಯೇ ಕೂಡುತ್ತದೆ ಅನ್ನುವುದು ಮನಸ್ಸಿನಲ್ಲಿರಬೇಕು. ಅಂಥ ಕಡೆ ಕಾಲನ್ನು ಹಗುರವಾಗಿಟ್ಟು ಆ ವ್ಯತ್ಯಾಸವೇ ಹುಟ್ಟದಂತೆ ನೋಡಿಕೊಳ್ಳುವುದು ದಾರಿ.

ಬ್ರೇಕ್ ಬಳಸಿ ಸುತ್ತುವ ಚಕ್ರವನ್ನು ತಡೆಯುವ ಟ್ರಾಕ್ಷನ್ ಕಂಟ್ರೋಲ್ ಬಗ್ಗೆ ಆಫ್-ರೋಡ್ ಮಂದಿಗೆ ತಾತ್ಸಾರ. ಹಿಮದ ರಸ್ತೆಯಲ್ಲಿ ಮಾತ್ರ ನಾನು ಅದರ ಪರ. ಚಕ್ರ ಸ್ವಲ್ಪ ಜಾರಿದ ಮೇಲೆಯೇ ಅದು ಎಚ್ಚರಗೊಳ್ಳುತ್ತದೆ ನಿಜ, ಕಡಿದಾದ ಏರಿನಲ್ಲಿ ಎಂಜಿನ್ ಶಕ್ತಿಯ ಒಂದು ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ, ಅದೂ ನಿಜ. ಆದರೆ ಎಡ ಬಲ ಚಕ್ರಗಳನ್ನು ಅದು ಒಂದಕ್ಕೊಂದು ಬೆಸೆಯುವುದಿಲ್ಲ, ತಿರುವನ್ನು ತಿರುವಾಗಿಯೇ ಉಳಿಸುತ್ತದೆ. ಚಕ್ರಗಳನ್ನು ಪೂರ್ತಿ ಬೆಸೆಯದೆ ಹಿಡಿತ ಇರುವ ಕಡೆಗೆ ಹೆಚ್ಚು ಟಾರ್ಕ್ ಕಳಿಸುವ ಹೆಲಿಕಲ್ ಗೇರಿನ ಲಿಮಿಟೆಡ್ ಸ್ಲಿಪ್ ಡಿಫ್, ಟೋರ್ಸೆನ್ ಅಥವಾ ಟ್ರೂಟ್ರ್ಯಾಕ್ ಬಗೆಯದು, ವರ್ಷಪೂರ್ತಿ ಡಾಂಬರು, ಚಳಿಗಾಲದಲ್ಲಿ ಹಿಮ, ಅಪರೂಪಕ್ಕೆ ಕಚ್ಚಾ ದಾರಿ ಅನ್ನುವವರಿಗೆ ಒಳ್ಳೆಯದು. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಅದರಿಂದ ಹೆಚ್ಚು ನಿರೀಕ್ಷೆ ಬೇಡ. ಆಗ ಬ್ರೇಕ್ ಪೆಡಲನ್ನು ಸ್ವಲ್ಪವೇ ಒತ್ತಿ ಹಿಡಿದರೆ ಅದಕ್ಕೆ ಕಚ್ಚಲು ಏನೋ ಒಂದು ಸಿಗುತ್ತದೆ.

ಇಳಿಯುವುದು, ನಿಲ್ಲಿಸುವುದು. ಇದನ್ನು ಜೋರಾಗಿಯೇ ಹೇಳಬೇಕು. ಲಾಕರ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿದರೆ ಒಣ ಡಾಂಬರಿನಲ್ಲಿ ಸುಮಾರು 8ರಿಂದ 9 ಮೀಟರಿನಲ್ಲಿ ನಿಲ್ಲಬಹುದು. 0.1 ಹಿಡಿತದ ಮಂಜುಗಡ್ಡೆಯಲ್ಲಿ 60 ಮೀಟರ್ ದಾಟುತ್ತದೆ. ಚಾಲಕ ಪ್ರತಿಕ್ರಿಯಿಸುವ ಹೊತ್ತನ್ನು ಸೇರಿಸದ ಲೆಕ್ಕ ಇದು. ಹತ್ತುವಾಗ ಲಾಕರ್ ಕೊಟ್ಟ ಧೈರ್ಯವನ್ನು ಇಳಿಯುವಾಗ ಯಾರೂ ಜೊತೆಗೆ ಒಯ್ಯಬಾರದು. ಜಾರು ಇಳಿಜಾರಿನಲ್ಲಿ ನಾನು ಲಾಕ್ ತೆಗೆದು, ಫೋರ್-ವೀಲ್ ಹಾಗೇ ಇಟ್ಟು ಇಳಿಯುತ್ತೇನೆ, ಎಂಜಿನ್ ತಡೆ ನಾಲ್ಕೂ ಚಕ್ರಕ್ಕೆ ಹಂಚಿಹೋಗಲಿ ಅಂತ. ಟೂ-ವೀಲ್‌ನಲ್ಲಿ, ಲಾಕ್ ಹಾಕಿ, ತೀರ ಕೆಳ ಗೇರಿನಲ್ಲಿ ಇಳಿದರೆ ಆ ತಡೆಯೆಲ್ಲ ಹಿಂದಿನ ಎರಡು ಚಕ್ರದ ಮೇಲೇ ಬಿದ್ದು ಎರಡೂ ಒಟ್ಟಿಗೆ ಜಾರುತ್ತವೆ, ಬಾಲ ಮುಂದಕ್ಕೆ ಬರಲು ನೋಡುತ್ತದೆ.

ಚಳಿ ಲೋಹಕ್ಕೂ ಎಣ್ಣೆಗೂ ಮಾಡುವುದನ್ನು ನೋಡಿಕೊಳ್ಳದೆ ಹೋದರೆ ಮೇಲಿನದೆಲ್ಲ ಬರೀ ಮಾತು. ಗೇರ್ ಆಯಿಲ್ ಡಬ್ಬಿಯ ಮೇಲಿನ ಡಬ್ಲ್ಯೂ ಸಂಖ್ಯೆಗೆ ನಿಖರ ಅರ್ಥವಿದೆ. ಎಣ್ಣೆ ಒಂದು ನಿಗದಿತ ದಪ್ಪವನ್ನು ದಾಟದೆ ತಾಳುವ ಕೆಳಗಿನ ಉಷ್ಣತೆ 75ಡಬ್ಲ್ಯೂಗೆ ಮೈನಸ್ 40 ಡಿಗ್ರಿ, 80ಡಬ್ಲ್ಯೂಗೆ ಮೈನಸ್ 26, 85ಡಬ್ಲ್ಯೂಗೆ ಮೈನಸ್ 12. ಬೇಸಿಗೆಯಲ್ಲಿ ಭಾರ ಎಳೆಯಲೆಂದು 85ಡಬ್ಲ್ಯೂ-140 ಹಾಕಿದ ಡಿಫ್ ಚಳಿಗಾಲದ ಬೆಳಿಗ್ಗೆ ಅಂಟಿನಂತೆ ಎಳೆಯುತ್ತದೆ. ಆಟೊಮ್ಯಾಟಿಕ್ ಲಾಕರ್‌ನ ಹಲ್ಲುಗಳು ದಪ್ಪ ಎಣ್ಣೆಯಲ್ಲಿ ತಡವಾಗಿ ಕೂಡುತ್ತವೆ, ಮೊದಲ ಕೆಲವು ಕಿಲೋಮೀಟರ್ ಅದರ ಸದ್ದೇ ಬೇರೆ. ನಾನು ಹಾಕುವುದು 75ಡಬ್ಲ್ಯೂ-90 ಸಿಂಥೆಟಿಕ್, ಅದೂ ಲಾಕರ್ ತಯಾರಕರು ಒಪ್ಪಿದ್ದನ್ನು ನೋಡಿಕೊಂಡು. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಎಣ್ಣೆಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಬೇಕಾಗುತ್ತದೆ.

ಗಾಳಿಯ ಲಾಕರ್‌ನ ಚಳಿಗಾಲದ ಶತ್ರು ನೀರಿನ ಆವಿ. ಕಂಪ್ರೆಸರ್ ಹೀರಿದ ಗಾಳಿಯಲ್ಲಿನ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ, ರಾತ್ರಿ ಗಾಳಿಯನ್ನು ಬಿಡುವ, ತಡೆಯುವ ವಿದ್ಯುತ್ ಕವಾಟವಾದ ಸೊಲೆನಾಯ್ಡ್‌ನಲ್ಲೋ ಪೈಪಿನ ತಗ್ಗಿನಲ್ಲೋ ಹೆಪ್ಪುಗಟ್ಟುತ್ತದೆ. ಆಗ ಬಟನ್ ಒತ್ತಿದರೆ ಕೂಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಆಫ್ ಮಾಡಿದರೂ ಗಾಳಿ ಹೊರಗೆ ಹೋಗದೆ ಕೂಡಿಕೊಂಡೇ ಉಳಿಯಬಹುದು. ಟ್ಯಾಂಕಿನ ಕೆಳಗಿನ ಡ್ರೇನ್ ನಲ್ಲಿಯನ್ನು ಚಳಿಗಾಲದಲ್ಲಿ ಆಗಾಗ ಬಿಡುತ್ತೇನೆ, ಪ್ರತಿ ಸಲವೂ ಮಂಜಿನಂಥ ತೇವ ಹೊರಬರುವುದನ್ನು ನೋಡಿದರೆ ಅದು ಏಕೆ ಬೇಕು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಪೈಪು ಎಲ್ಲೂ ಜೋತುಬೀಳದಂತೆ, ಸೈಲೆನ್ಸರ್‌ಗೆ ತಾಗದಂತೆ ಕಟ್ಟಿದ್ದೇನೆ. ಡಿಫ್‌ನ ಒಳಗೆ ಹೊರಗೆ ಗಾಳಿ ಆಡಲು ಇರುವ ಬ್ರೀದರ್ ಪೈಪನ್ನು ಎತ್ತರಕ್ಕೆ ಒಯ್ಯುವುದೂ ಅಷ್ಟೇ ಮುಖ್ಯ. ಬಿಸಿಯಾದ ಡಿಫ್ ತಣ್ಣನೆ ಹಿಮನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಕಟ್ಟಿದ್ದರೆ ಆಯಿಲ್ ಸೀಲ್ ಮೂಲಕವೇ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸಬೇಕು.

ಎಲೆಕ್ಟ್ರಿಕ್ ಲಾಕರ್ ಇರುವವರು ಉಪ್ಪನ್ನು ಗಮನಿಸಬೇಕು. ಕನೆಕ್ಟರ್‌ಗಳ ಒಳಗೆ ಹಸಿರು ಕಟ್ಟುವುದು, ಆಕ್ಸಲ್ ಮೇಲಿನ ಮೋಟಾರು ಬಳಸದೆ ಬಳಸದೆ ಬಿಗಿದುಕೊಳ್ಳುವುದು, ಎರಡೂ ಉಪ್ಪಿನ ಕೆಲಸ. ಕನೆಕ್ಟರ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್, ವಾರಕ್ಕೊಮ್ಮೆ ಕೆಳಗಿನಿಂದ ನೀರು ಹೊಡೆಯುವುದು, ತಿಂಗಳಿಗೆ ಒಂದೆರಡು ಬಾರಿಯಾದರೂ ಹಿಮದ ಅಥವಾ ಮಣ್ಣಿನ ಮೇಲೆ ಲಾಕ್ ಕೂಡಿಸಿ ಬಿಡಿಸುವುದು. ಬೇಕಾದ ದಿನ ಮಾತ್ರ ನೆನೆಸಿಕೊಳ್ಳುವ ಲಾಕರ್ ಆ ದಿನ ಓಗೊಡುವುದಿಲ್ಲ.

ಟೈರಿನ ಬಗ್ಗೆ ನನ್ನ ಮಾತು ಚಿಕ್ಕದು, ಏಕೆಂದರೆ ಅಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಮೂರು ಶಿಖರದೊಳಗೆ ಹಿಮದ ಹರಳಿನ ಗುರುತು ಇರುವ ಚಳಿಗಾಲದ ಟೈರು, ನಾಲ್ಕಕ್ಕೆ ನಾಲ್ಕೂ. ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಬರೆದಿರುವುದು ಸಾಲದು, ಅದು ನೆಲಕ್ಕೆ ತಾಗುವ ರಬ್ಬರ್ ಕಟ್ಟುಗಳ ವಿನ್ಯಾಸವನ್ನಷ್ಟೇ ಹೇಳುತ್ತದೆ. ದೊಡ್ಡ ದೊಡ್ಡ ಕಟ್ಟುಗಳ ಮಡ್ ಟೆರೇನ್ ಟೈರು ಆಳದ ಹಿಮದಲ್ಲಿ ಅಗೆದುಕೊಂಡು ಹೋಗುತ್ತದೆ, ಮಂಜುಗಡ್ಡೆಯ ಮೇಲೆ ಅದರ ಗಟ್ಟಿ ರಬ್ಬರಿಗೆ ಕಚ್ಚಲು ಸಣ್ಣ ಸೀಳುಗಳೇ ಇರುವುದಿಲ್ಲ. ಲಾಕರ್‌ಗೋ ಟೈರಿಗೋ ಒಂದಕ್ಕೇ ದುಡ್ಡಿದೆ ಅನ್ನುವವರು ಯೋಚಿಸದೆ ಟೈರಿಗೆ ಹಾಕಲಿ. ಟೈರು ಹೊರಡುವುದಕ್ಕೂ ತಿರುಗುವುದಕ್ಕೂ ನಿಲ್ಲುವುದಕ್ಕೂ ಬರುತ್ತದೆ. ಹಿಂದಿನ ಚಕ್ರಗಳಿಗೆ ಚೈನ್ ಕಟ್ಟುವುದಾದರೆ ಎರಡಕ್ಕೂ ಕಟ್ಟಿ, ಒಂದಕ್ಕೆ ಕಟ್ಟಿ ಲಾಕ್ ಹಾಕಿದರೆ ಶಾಫ್ಟ್ ಒಂದರ ಮೇಲೇ ಭಾರವೆಲ್ಲ ಬೀಳುತ್ತದೆ.

ಮುಂದಿನ ಆಕ್ಸಲ್‌ಗೂ ಲಾಕರ್ ಹಾಕಿಸಲೇ ಅಂತ ಕೇಳುವವರಿದ್ದಾರೆ. ಆಳದ ಹಿಮದಲ್ಲಿ ನೇರವಾಗಿ ನುಗ್ಗುವಾಗ ಅದು ಅದ್ಭುತವಾಗಿ ಎಳೆಯುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಬಟನ್ ಇರುವುದಾದರೆ ಹಾಕಿಸಿ, ಕಾಡಿನ ದಾರಿಗೆ ಇಟ್ಟುಕೊಳ್ಳಿ, ದಿನದ ರಸ್ತೆಯಲ್ಲಿ ಆ ಬಟನ್‌ಗೆ ಮುಚ್ಚಳ ಹಾಕಿಡಿ. ಸದಾ ಕೂಡಿರುವ ಬಗೆಯದನ್ನು ಮುಂದೆ ಕೂರಿಸಿ, ಫೋರ್-ಹೈನಲ್ಲಿ ಜಾರು ರಸ್ತೆಯ ತಿರುವಿಗೆ ಹೋಗುವುದು ಮಾತ್ರ ಬೇಡ. ಅಲ್ಲಿ ದಿಕ್ಕು ತೋರಿಸಬೇಕಾದ ಎರಡು ಚಕ್ರಗಳೇ ಒಂದಕ್ಕೊಂದು ಜಗ್ಗಾಡುತ್ತಿರುತ್ತವೆ, ಸ್ಟೀರಿಂಗ್ ತಿರುಗಿಸಿದಷ್ಟೂ ಗಾಡಿ ನೇರಕ್ಕೇ ಹೋಗುತ್ತದೆ. ನನ್ನ ಗಾಡಿಯ ಮುಂದಿನ ಡಿಫ್ ಓಪನ್ ಆಗಿಯೇ ಇರುತ್ತದೆ, ಈ ಚಳಿಗಾಲಕ್ಕೂ ಮುಂದಿನದಕ್ಕೂ. ಅದರ ದುಡ್ಡಿನಲ್ಲಿ ಹಿಂದಿನ ಆಕ್ಸಲ್‌ಗೆ ಗಟ್ಟಿಯಾದ ಶಾಫ್ಟ್‌ಗಳನ್ನು ಹಾಕಿಸುತ್ತಿದ್ದೇನೆ, ಜೊತೆಗೆ ಕಂಪ್ರೆಸರ್ ಮತ್ತು ಟ್ಯಾಂಕಿನ ನಡುವೆ ತೇವ ಹಿಡಿಯುವ ಒಂದು ಫಿಲ್ಟರ್.